ಆಶ್‌ಕಾಶ್‌ಗೆ ಹಾರಿಕೊಂಡೇ ಹೋಗಬೇಕಾ? ಹಾಸನ, ಚಿಕ್ಕಮಗಳೂರು ಕಡೆಯ ಪೈಲಟ್‌ಗಳಿಗೆ ಒಂದು ಹೋಲಿಕೆ

ಕೊಯ್ಲು ಮುಗಿದು ಕೈಗೆ ನಾಲ್ಕು ಕಾಸು ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತದೆ: ಅಮೆರಿಕದ ಆಶ್‌ಕಾಶ್‌ನ ವಿಮಾನ ಜಾತ್ರೆಗೆ ಹೋಗುವುದು ಹೇಗೆ? ಈ ವರ್ಷ ಮೂವರು ಕೇಳಿದ್ದಾರೆ. ಆಲೂರು ಕಡೆಯ ಒಬ್ಬ ಹುಡುಗ, ಈಗಷ್ಟೇ ಪಿಪಿಎಲ್ (ಖಾಸಗಿ ಪೈಲಟ್ ಲೈಸೆನ್ಸ್) ಮುಗಿಸಿದವನು: "ಅಣ್ಣಾ, ಅಲ್ಲೇ ಒಂದು ಸಣ್ಣ ಸೆಸ್ನಾ ವಿಮಾನ ಬಾಡಿಗೆಗೆ ತಗೊಂಡು ನಾನೇ ಹೋಗಿ ಇಳಿಯಬಹುದಾ?" ಮೂಡಿಗೆರೆಯ ತೋಟದವರೊಬ್ಬರು, ಇನ್ನೂರು ಗಂಟೆ ಹಾರಿದವರು, ಆದರೆ ಮನೆಯವರನ್ನೂ ಕರೆದುಕೊಂಡು ಹೋಗಬೇಕು. ಇನ್ನೊಬ್ಬರು ಹಾಸನದ ನಿವೃತ್ತ ಮೇಷ್ಟ್ರು. ಅವರಿಗೆ ಲೈಸೆನ್ಸೂ ಇಲ್ಲ, ವಿಮಾನವೂ ಇಲ್ಲ. ಹುಚ್ಚು ಮಾತ್ರ ನಮ್ಮೆಲ್ಲರಿಗಿಂತ ಜಾಸ್ತಿ.

ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಇದನ್ನು ಬರೆದೆ. ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಕಾರಲ್ಲಿ, ಟೆಂಟ್ ಸಮೇತ. ಎರಡನೇ ಸಲ ಬಾಡಿಗೆ ವಿಮಾನದಲ್ಲಿ.

ಗೊತ್ತಿಲ್ಲದವರಿಗೆ ಎರಡು ಮಾತು. ಆಶ್‌ಕಾಶ್ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಸಾಧಾರಣ ಊರು. ಜುಲೈ ಕೊನೆಯಲ್ಲಿ ಒಂದು ವಾರ ಅಲ್ಲಿನ ವಿಟ್‌ಮನ್ ವಿಮಾನ ನಿಲ್ದಾಣದಲ್ಲಿ ಏರ್‌ವೆಂಚರ್ ಅನ್ನುವ ಜಾತ್ರೆ. ನಡೆಸುವುದು ಇಎಎ ಎಂಬ ಸಂಘ. ಮನೆಯಲ್ಲೇ ವಿಮಾನ ಕಟ್ಟುವವರು ಸೇರಿ 1953ರಲ್ಲಿ ಮಾಡಿಕೊಂಡ ಸಂಘ ಇದು. 1970ರಿಂದ ಜಾತ್ರೆ ಇದೇ ಊರಲ್ಲಿ. ಹತ್ತು ಸಾವಿರ ವಿಮಾನಗಳು ಆ ಊರಿಗೂ ಸುತ್ತಲಿನ ನಿಲ್ದಾಣಗಳಿಗೂ ಬಂದು ಇಳಿಯುತ್ತವೆ. 2025ರಲ್ಲಿ ಜನ ಏಳು ಲಕ್ಷ ದಾಟಿತು. ಹುಲ್ಲಿನ ಮೇಲೆ ವಿಮಾನ ನಿಲ್ಲಿಸಿ, ರೆಕ್ಕೆಯ ಕೆಳಗೇ ಟೆಂಟ್ ಹಾಕಿ ಮಲಗುತ್ತಾರೆ. ನಮ್ಮ ದನದ ಜಾತ್ರೆಗಳಲ್ಲಿ ಜೋಡೆತ್ತಿನ ಪಕ್ಕ ಚಾಪೆ ಹಾಸಿ ಮಲಗುತ್ತಾರಲ್ಲ, ಹಾಗೇ.

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ

ಎಲ್ಲರೂ ದುಡ್ಡಿನಿಂದ ಶುರು ಮಾಡುತ್ತಾರೆ. ನಾನು ಕೇಳುವ ಮೊದಲ ಪ್ರಶ್ನೆ ಬೇರೆ: ಕಳೆದ ಮೂರು ತಿಂಗಳಲ್ಲಿ ಎಷ್ಟು ಹಾರಿದ್ದೀರಿ? ಲಾಗ್‌ಬುಕ್ಕಿನ ಒಟ್ಟು ಗಂಟೆ ಬೇಡ, ಮೂರು ತಿಂಗಳದ್ದು ಹೇಳಿ. ನಮ್ಮ ಕಡೆಯ ಪೈಲಟ್‌ಗಳ ಕಷ್ಟವೇ ಇದು. ಹಾರಬೇಕೆಂದರೆ ಜಕ್ಕೂರಿಗೋ ಮೈಸೂರಿಗೋ ಹೋಗಬೇಕು. ಹಾಸನದ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆಗುತ್ತದೆ ಅನ್ನುವ ಮಾತನ್ನು ನಾನು ಚಡ್ಡಿ ಹಾಕುತ್ತಿದ್ದಾಗಿನಿಂದ ಕೇಳುತ್ತಿದ್ದೇನೆ. ನನಗೆ ಈಗ ತಲೆ ನರೆತಿದೆ.

ಎರಡನೆಯದು, ಜೊತೆಗೆ ಯಾರು ಬರುತ್ತಾರೆ. ಒಬ್ಬರೇ ಹೋಗುವುದಕ್ಕೂ, ಬೆನ್ನು ನೋವಿರುವ ಹೆಂಡತಿಯನ್ನು ಕರೆದುಕೊಂಡು ಹೋಗುವುದಕ್ಕೂ ಅಜಗಜಾಂತರ. ಮೂರನೆಯದು, ಎಷ್ಟು ದಿನ ಬಿಡುವು ಅನ್ನುವುದು. ಜುಲೈ ಕೊನೆ ಅಂದರೆ ನಮ್ಮಲ್ಲಿ ಪುಷ್ಯ ಮಳೆ. ಚರಂಡಿ ಬಿಡಿಸುವುದು, ಬಿದ್ದ ಮರ ಎತ್ತಿಸುವುದು ಬಿಟ್ಟರೆ ತೋಟದಲ್ಲಿ ದೊಡ್ಡ ಕೆಲಸವಿಲ್ಲ. ತೋಟದ ಕೆಲಸ, ಲೆಕ್ಕ ನೋಡುವ ರೈಟರ್ ನಂಬಿಕಸ್ಥನಾಗಿದ್ದರೆ ಮೂರು ವಾರ ಹೋಗಿ ಬರಬಹುದು. ಆಮೇಲೆ ದುಡ್ಡು. ಅದರಲ್ಲೂ ಮೋಡ ಕಟ್ಟಿ ಹಾರುವುದಕ್ಕೇ ಆಗದೇ ಹೋದರೆ ಎಷ್ಟು ಕಳೆದುಕೊಳ್ಳಲು ತಯಾರಿದ್ದೀರಿ ಅನ್ನುವುದು ಮುಖ್ಯ. ಕೊನೆಯದು, ನಿಮಗೆ ನಿಜವಾಗಿ ಬೇಕಿರುವುದು ಯಾವುದು: ಪ್ರದರ್ಶನ ನೋಡುವುದೋ, ಅಲ್ಲಿ ಹೋಗಿ ಇಳಿಯುವುದೋ? ಎರಡೂ ಒಂದೇ ಅಲ್ಲ. ಇಳಿಯುವ ದಿನ ಅಷ್ಟು ಸುಸ್ತಾಗಿರುತ್ತದೆ, ಆ ದಿನದ ಪ್ರದರ್ಶನ ನಾನು ನಿದ್ದೆಯಲ್ಲೇ ಕಳೆದೆ.

ಇಲ್ಲಿಂದಲೇ ಹಾರಿಸಿಕೊಂಡು ಹೋಗುವುದು

ಇದನ್ನು ಬೇಗ ಮುಗಿಸುತ್ತೇನೆ. ಸೆಸ್ನಾ 172ಕ್ಕೆ ತೊಟ್ಟಿ ತುಂಬ ಇಂಧನ ಹಾಕಿದರೂ ಸುಮಾರು 600 ನಾಟಿಕಲ್ ಮೈಲಿ (1,100 ಕಿಲೋಮೀಟರ್) ಹೋಗುತ್ತದೆ. ಮಧ್ಯದಲ್ಲಿ ಅಟ್ಲಾಂಟಿಕ್ ಸಾಗರ ಇದೆ. ದಾಟಲೇಬೇಕೆಂದರೆ ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್ ಸುತ್ತಿ, ದೇಶ ದೇಶದ ಅನುಮತಿ ಹಿಡಿದು ಹೋಗಬೇಕು. ಆವ್‌ಗ್ಯಾಸ್ (ಸಣ್ಣ ವಿಮಾನದ ಪೆಟ್ರೋಲ್) ನಮ್ಮ ದೇಶದಲ್ಲೇ ಎಲ್ಲ ಕಡೆ ಸಿಗುವುದಿಲ್ಲ. ಜೆಟ್ ಇದ್ದವರ ಮಾತು ಬೇರೆ. ಅವರು ನನ್ನನ್ನು ಕೇಳುವುದಿಲ್ಲ.

ಅಲ್ಲೇ ಬಾಡಿಗೆಗೆ ತೆಗೆದುಕೊಂಡು ಹಾರುವುದು

"ನನ್ನ ವಿಮಾನದಲ್ಲಿ ಬಂದೆ" ಅಂತ ನಮ್ಮಂಥವರು ಹೇಳಿಕೊಳ್ಳಬಹುದಾದ ದಾರಿ ಇದೊಂದೇ. ಅದಕ್ಕೇ ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ.

ಮೊದಲು ಕಾಗದಪತ್ರ. ನಮ್ಮ ವಿಮಾನಯಾನ ನಿರ್ದೇಶನಾಲಯ ಡಿಜಿಸಿಎ ಕೊಟ್ಟ ಪಿಪಿಎಲ್ ಹಿಡಿದುಕೊಂಡು ಹೋಗಿ ಅಮೆರಿಕದ ವಿಮಾನ ಹಾರಿಸಲು ಆಗುವುದಿಲ್ಲ. ನಮ್ಮ ಲೈಸೆನ್ಸಿನ ಆಧಾರದ ಮೇಲೆ ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ ಒಂದು ಪ್ರೈವೇಟ್ ಪೈಲಟ್ ಸರ್ಟಿಫಿಕೇಟ್ ಕೊಡುತ್ತದೆ. ಹೊಸದಾಗಿ ಪರೀಕ್ಷೆ ಬರೆಯಬೇಕಿಲ್ಲ. ಆದರೆ ಎಫ್‌ಎಎ ಮೊದಲು ಡಿಜಿಸಿಎಯನ್ನು ಕೇಳಿ ನಿಮ್ಮ ಲೈಸೆನ್ಸ್ ಅಸಲಿ ಎಂದು ಖಾತ್ರಿ ಮಾಡಿಕೊಳ್ಳುತ್ತದೆ. ಇದಕ್ಕೆ ಮೂರು ತಿಂಗಳು ಇಟ್ಟುಕೊಳ್ಳಿ. ಖಾತ್ರಿಯ ಪತ್ರ ಬಂದ ಮೇಲೆ ಅದು ಆರು ತಿಂಗಳು ಮಾತ್ರ ನಡೆಯುತ್ತದೆ, ಹಾಗಾಗಿ ತೀರಾ ಮೊದಲೇ ಹಾಕಿಯೂ ಪ್ರಯೋಜನವಿಲ್ಲ. 2025ರಿಂದ ಇನ್ನೊಂದು ನಿಯಮ ಸೇರಿದೆ. ಅಮೆರಿಕದಲ್ಲಿ ಸ್ವಂತ ವಿಳಾಸ ಇಲ್ಲದವರು, ಸರ್ಕಾರದ ನೋಟಿಸು ಬಂದರೆ ತಮ್ಮ ಪರವಾಗಿ ತೆಗೆದುಕೊಳ್ಳುವ ಒಬ್ಬರನ್ನು ಅಲ್ಲಿ ತೋರಿಸಬೇಕು. ಅಲ್ಲಿರುವ ಭಾವನೋ ಚಿಕ್ಕಪ್ಪನ ಮಗನೋ ಕೊನೆಗೂ ಒಂದು ಉಪಯೋಗಕ್ಕೆ ಬರುತ್ತಾರೆ. ಸರ್ಟಿಫಿಕೇಟ್ ಕೈಗೆ ಬಂದ ಮೇಲೂ ಅಲ್ಲಿನ ಇನ್‌ಸ್ಟ್ರಕ್ಟರ್ ಜೊತೆ ಫ್ಲೈಟ್ ರಿವ್ಯೂ (ಹಾರಿ ತೋರಿಸುವ ಪರಿಶೀಲನೆ) ಆಗಬೇಕು. ಹಾರುವಾಗ ನಮ್ಮ ಮೂಲ ಲೈಸೆನ್ಸೂ ಜೇಬಲ್ಲಿರಬೇಕು.

ಇನ್ನು ಅಭ್ಯಾಸ. ನಮ್ಮಲ್ಲಿ ಒಂದು ಸುತ್ತು ಹಾರಿ ಬರಲೂ ವಾಯುಪಡೆಯ ಒಪ್ಪಿಗೆ, ಅಂದರೆ ಏರ್ ಡಿಫೆನ್ಸ್ ಕ್ಲಿಯರೆನ್ಸ್ ನಂಬರ್ ಬೇಕು. ಅಲ್ಲಿ ಟವರ್ ಇಲ್ಲದ ಸಣ್ಣ ನಿಲ್ದಾಣದಿಂದ, ಒಳ್ಳೆ ಬಿಸಿಲಿದ್ದರೆ, ಯಾರನ್ನೂ ಕೇಳದೆ ಎದ್ದು ಹೋಗಬಹುದು. ರೇಡಿಯೋದಲ್ಲಿ "ನಾನು ಇಲ್ಲಿದ್ದೇನೆ, ಹೀಗೆ ಹೋಗುತ್ತಿದ್ದೇನೆ" ಅಂತ ಹೇಳಿಕೊಂಡರೆ ಮುಗಿಯಿತು. ಮೊದಲ ದಿನ ನನಗೆ ಕದ್ದು ಓಡಿಹೋದ ಹಾಗೆ ಅನ್ನಿಸಿತು. ಎತ್ತರ ತೋರಿಸುವ ಆಲ್ಟಿಮೀಟರಿಗೆ ಕೂರಿಸುವ ಗಾಳಿಯ ಒತ್ತಡದ ಲೆಕ್ಕವೂ ಬೇರೆ. ನಾವು 1013 ಅನ್ನುವ ಕಡೆ ಅವರು 29.92 ಅನ್ನುತ್ತಾರೆ. ಕಿವಿ ಹೊಂದಿಕೊಳ್ಳಲು ನಾಲ್ಕೈದು ಗಂಟೆಯ ಹಾರಾಟ ಬೇಕೇ ಬೇಕು.

ಈಗ ಇಳಿಯುವ ವಿಷಯ. ಪ್ರತಿ ವರ್ಷ ಎಫ್‌ಎಎ ಇದಕ್ಕೆಂದೇ ಮೂವತ್ತಕ್ಕೂ ಹೆಚ್ಚು ಪುಟದ ಒಂದು ನೋಟಿಸ್ ಹೊರಡಿಸುತ್ತದೆ. ಅದರ ತಿರುಳು ಇಷ್ಟು. ರಿಪನ್ ಎಂಬ ಊರಿನ ಮೇಲೆ ಸಾಲಾಗಿ ಬಂದು, ರೈಲು ಹಳಿ ಹಿಡಿದು, ಈಶಾನ್ಯಕ್ಕೆ ಫಿಸ್ಕ್ ಎಂಬ ಪುಟ್ಟ ಹಳ್ಳಿಯ ಕಡೆ ಹೋಗಬೇಕು. ಎತ್ತರ ಸಮುದ್ರಮಟ್ಟದಿಂದ 1,800 ಅಡಿ, ವೇಗ 90 ನಾಟ್ (ಗಂಟೆಗೆ 90 ನಾಟಿಕಲ್ ಮೈಲಿ). ಮುಂದಿನ ವಿಮಾನಕ್ಕೂ ನಿಮಗೂ ನಡುವೆ ಅರ್ಧ ಮೈಲಿ. ಅಷ್ಟು ನಿಧಾನ ಹಾರಲು ಆಗದ ವಿಮಾನಗಳು 2,300 ಅಡಿಯಲ್ಲಿ 135 ನಾಟ್. (1,800 ಅಡಿ ಅಂದಾಗ ನಮ್ಮ ಕಡೆಯವರಿಗೆ ನಗು ಬರುತ್ತದೆ. ಚಿಕ್ಕಮಗಳೂರಿನಲ್ಲಿ 1,800 ಅಡಿಯಲ್ಲಿ ಹಾರಬೇಕೆಂದರೆ ನೆಲ ಅಗೆಯಬೇಕು, ಪೇಟೆಯೇ ಮೂರು ಸಾವಿರ ಅಡಿಗಿಂತ ಮೇಲಿದೆ. ಅಲ್ಲಿ ನೆಲ ಇರುವುದೇ ಸುಮಾರು 800 ಅಡಿಯಲ್ಲಿ.)

ಶಿರಾಡಿ ಘಾಟಿಯಲ್ಲಿ ಲೋಡ್ ಲಾರಿಯ ಹಿಂದೆ ಸಿಕ್ಕಿಕೊಂಡು ಹೋಗಿದ್ದೀರಾ? ಹಾಗೇ ಇದು. ಓವರ್‌ಟೇಕ್ ಇಲ್ಲ. ಬ್ರೇಕೂ ಇಲ್ಲ. ನನ್ನ ಮುಂದಿದ್ದ ಹಳದಿ ವಿಮಾನದವನು ವೇಗ ಇಳಿಸುತ್ತಾ ಹೋದ. ನಾನೂ ಇಳಿಸಿದೆ. 90 ಇದ್ದದ್ದು 80 ಆಯಿತು, 75 ಆಯಿತು. ಇನ್ನೂ ನಿಧಾನವಾಗಲು ರೆಕ್ಕೆಯ ಫ್ಲಾಪ್ ಹಾಕಿದೆ. ಅವನ ಬಾಲ ಇನ್ನೂ ಹತ್ತಿರ ಬರುತ್ತಲೇ ಇತ್ತು. ಅಂಗೈ ಬೆವರಿ ಸ್ಟಿಯರಿಂಗ್ ಜಾರುತ್ತಿತ್ತು. ಕೊನೆಗೆ ಸಾಲು ಬಿಟ್ಟು ಪಕ್ಕಕ್ಕೆ ಸರಿದು, ಸುತ್ತು ಹಾಕಿ, ಮತ್ತೆ ರಿಪನ್‌ನಿಂದ ಸಾಲಿನ ಬಾಲ ಹಿಡಿದೆ. ಆಗ ಅವಮಾನ ಅನ್ನಿಸಿತು. ಆಮೇಲೆ ಟೆಂಟ್‌ಗಳ ಮಧ್ಯೆ ಮಾತಾಡುವಾಗ ಗೊತ್ತಾಯಿತು, ಅಕ್ಕಪಕ್ಕದ ಅರ್ಧ ಜನ ಅವತ್ತು ಅದನ್ನೇ ಮಾಡಿದ್ದರು.

ಫಿಸ್ಕ್‌ನಲ್ಲಿ ಕಂಟ್ರೋಲರ್‌ಗಳು ನೆಲದ ಮೇಲೆ ಬೈನಾಕ್ಯುಲರ್ ಹಿಡಿದು ನಿಂತಿರುತ್ತಾರೆ. ನಿಮ್ಮ ನಂಬರ್ ಕೇಳುವುದಿಲ್ಲ. ಬಣ್ಣ ನೋಡುತ್ತಾರೆ, ರೆಕ್ಕೆ ಮೇಲಿದೆಯೋ ಕೆಳಗಿದೆಯೋ ನೋಡುತ್ತಾರೆ. "ಬಿಳಿ ಬಣ್ಣದ ಹೈ ವಿಂಗ್, ರೆಕ್ಕೆ ಅಲ್ಲಾಡಿಸಿ." ನೀವು ಉತ್ತರ ಕೊಡಬಾರದು, ರೆಕ್ಕೆ ಅಲ್ಲಾಡಿಸಬೇಕು ಅಷ್ಟೇ. ಹೇಳಿದ್ದನ್ನೆಲ್ಲ ತಿರುಗಿಸಿ ಒಪ್ಪಿಸು ಎಂದು ಕಲಿತ ಕೈ ನನ್ನದು, ಹೆಬ್ಬೆರಳು ತಾನಾಗಿ ಮೈಕ್ ಬಟನ್ ಮೇಲೆ ಹೋಗಿತ್ತು. ಎಡಗೈಯಿಂದ ಬೆರಳು ಎತ್ತಿಟ್ಟು ಎರಡು ಸಲ ರೆಕ್ಕೆ ಬಾಗಿಸಿದೆ. ಕೂಡಲೇ ಯಾವ ರನ್‌ವೇ, ಯಾವ ಫ್ರೀಕ್ವೆನ್ಸಿ ಎಂದು ಹೇಳಿ ಮುಂದಿನವನ ಬಣ್ಣ ಕೂಗಿದರು. ರನ್‌ವೇ ಮೇಲೆ ದೊಡ್ಡ ಬಣ್ಣದ ಚುಕ್ಕಿಗಳಿರುತ್ತವೆ. "ಹಸಿರು ಚುಕ್ಕಿ ಮೇಲೆ ಇಳಿಯಿರಿ" ಅಂದರೆ ಅಲ್ಲೇ ಚಕ್ರ ತಾಗಬೇಕು. ನಿಮ್ಮ ಮುಂದಿನವನು ಅದೇ ರನ್‌ವೇ ಮೇಲೆ ಇನ್ನೂ ಓಡುತ್ತಿರುತ್ತಾನೆ, ಹಿಂದಿನವನಿಗೆ ಬೇರೆ ಚುಕ್ಕಿ ಕೊಟ್ಟಾಗಿರುತ್ತದೆ. ಒಂದು ರನ್‌ವೇಗೆ ಒಂದೇ ವಿಮಾನ ಎಂದು ಕಲಿತವರಿಗೆ ಎದೆ ಬಾಯಿಗೆ ಬರುತ್ತದೆ. ಇಳಿದ ಮೇಲೆ ಗಾಜಿಗೆ 'ಜಿಎಸಿ' ಅಂತ ದೊಡ್ಡದಾಗಿ ಬರೆದ ಹಾಳೆ ಅಂಟಿಸಿ. ವಿಮಾನದ ಪಕ್ಕ ಟೆಂಟ್ ಹಾಕುವವರು ಅಂತ ಅರ್ಥ. ಬಾವುಟದವರು ಕೈ ತೋರಿಸಿದ ಕಡೆ ಹುಲ್ಲಿಗೆ ಇಳಿದು ಹೋಗುವುದು.

ಖರ್ಚಿನ ಮಾತಿಗೆ ಬರೋಣ. ಸೆಸ್ನಾ 172 ಬಾಡಿಗೆ ಇಂಧನ ಸೇರಿ ಗಂಟೆಗೆ 150ರಿಂದ 200 ಡಾಲರ್. ಶಿಕಾಗೋ ಪಕ್ಕದಿಂದ ಆಶ್‌ಕಾಶ್‌ಗೆ ಒಂದೂವರೆ ಗಂಟೆ ದಾರಿ, ಅಷ್ಟೇನಲ್ಲ ಅನ್ನಿಸುತ್ತದೆ. ಕೈ ಕಚ್ಚುವುದು ಬೇರೆ ಕಡೆ. ವಿಮಾನ ನಿಮ್ಮ ಹತ್ತಿರ ಸುಮ್ನೆ ನಿಂತಿದ್ದರೂ ದಿನಕ್ಕೆ ಇಷ್ಟು ಗಂಟೆ ಎಂದು ಬಾಡಿಗೆ ಹಾಕುವವರೇ ಜಾಸ್ತಿ. ದಿನಕ್ಕೆ ಎರಡು ಗಂಟೆ ಎಂದರೂ ಐದು ದಿನಕ್ಕೆ ಹತ್ತು ಗಂಟೆ. ಗಂಟೆಗೆ 170 ಡಾಲರ್ ಹಿಡಿದರೆ 1,700 ಡಾಲರ್, ಹತ್ತಿರ ಹತ್ತಿರ ಒಂದೂವರೆ ಲಕ್ಷ ರೂಪಾಯಿ. ಫ್ಲೈಟ್ ರಿವ್ಯೂ, ಇನ್‌ಸ್ಟ್ರಕ್ಟರ್ ಫೀಸು, ಬಾಡಿಗೆದಾರನ ವಿಮೆ ಬೇರೆ. ನನಗೆ ವಾಪಸ್ ಬರುವಾಗ ಎರಡು ದಿನ ಗುಡುಗು ಮಳೆ ಹಿಡಿಯಿತು, ಆ ಎರಡು ದಿನಕ್ಕೂ ಬಿಲ್ ಹಾಕಿದರು. ಒಪ್ಪಂದದ ಸಣ್ಣಕ್ಷರ ಓದದೇ ಸಹಿ ಹಾಕಿದ್ದು ನನ್ನ ತಪ್ಪು, ಆದರೂ ಹೊಟ್ಟೆ ಉರಿಯಿತು. ಇನ್ನೊಂದು, ಆ ವಾರ ಆಶ್‌ಕಾಶ್‌ಗೆ ವಿಮಾನ ಕೊಡುವುದೇ ಇಲ್ಲ ಅನ್ನುವವರೂ ಇದ್ದಾರೆ. ಟಿಕೆಟ್ ಬುಕ್ ಮಾಡುವ ಮೊದಲೇ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ.

ನಾಲ್ಕು ಸೀಟ್ ಇದೆ ಅಂತ ನಾಲ್ಕು ಜನ ಹತ್ತಬೇಡಿ. ತೊಟ್ಟಿ ತುಂಬಿಸಿ, ಟೆಂಟು, ಹಾಸಿಗೆ, ವಿಮಾನ ಕಟ್ಟುವ ಗೂಟ ಎಲ್ಲ ಹಾಕಿದರೆ ಇಬ್ಬರೇ.

ಪಕ್ಕದ ಊರಲ್ಲಿ ಇಳಿದು ಬಸ್ ಹಿಡಿಯುವುದು

ಆ ಸಾಲಿಗೆ ಹೆದರಿಕೆಯಾದರೆ ಆಪಲ್ಟನ್, ಫಾಂಡ್ ಡು ಲ್ಯಾಕ್ ಇವೆ. ಎರಡೂ ಆಶ್‌ಕಾಶ್‌ನಿಂದ 30 ಕಿಲೋಮೀಟರ್ ಆಸುಪಾಸು. ಆ ವಾರ ಅಲ್ಲಿಂದ ಜಾತ್ರೆಗೆ ಬಸ್ ಇರುತ್ತದೆ. ಬಾಡಿಗೆ ಖರ್ಚು ಅಷ್ಟೇ, ಕಾಗದಪತ್ರವೂ ಅಷ್ಟೇ. ರೆಕ್ಕೆ ಕೆಳಗೆ ಜಾತ್ರೆಯ ಮಧ್ಯೆ ಮಲಗುವ ಸುಖ ಇಲ್ಲ, ಚುಕ್ಕಿ ಮೇಲೆ ಇಳಿದೆ ಅಂತ ಊರಲ್ಲಿ ಹೇಳಿಕೊಳ್ಳಲೂ ಆಗುವುದಿಲ್ಲ. ಆದರೂ ಮೂರು ತಿಂಗಳಲ್ಲಿ ಹತ್ತು ಗಂಟೆಯೂ ಹಾರದವರು ಹಾರಲೇಬೇಕು ಅಂದರೆ ನಾನು ತೋರಿಸುವುದು ಈ ದಾರಿಯನ್ನೇ. ಆಶ್‌ಕಾಶ್‌ನ ಹುಲ್ಲೆಲ್ಲ ತುಂಬಿ ಜಾಗ ಇಲ್ಲ ಎಂದಾಗ ಚೆನ್ನಾಗಿ ಹಾರುವವರೂ ಇಲ್ಲಿಗೇ ಬರಬೇಕಾಗುತ್ತದೆ.

ಬಲಗಡೆ ಸೀಟು

ನನ್ನ ಮಟ್ಟಿಗೆ ಮೊದಲ ಸಲಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಅಲ್ಲಿನ ಪೈಲಟ್ ಎಡಗಡೆ, ನೀವು ಬಲಗಡೆ. ನಿಮಗೆ ಎಫ್‌ಎಎ ಕಾಗದವೇ ಬೇಡ. ನೋಟಿಸ್ ಓದಿ ಹೇಳುವುದು, ಮುಂದಿನ ವಿಮಾನದ ಮೇಲೆ ಕಣ್ಣಿಡುವುದು ನಿಮ್ಮ ಕೆಲಸ. ಫಿಸ್ಕ್ ಸಾಲಿನಲ್ಲಿ ಎರಡನೇ ಜೋಡಿ ಕಣ್ಣು ಯಾರಿಗೂ ಬೇಡವಾಗುವುದಿಲ್ಲ. ಅಲ್ಲಿನ ಪ್ರೈವೇಟ್ ಪೈಲಟ್ ನಿಮ್ಮಿಂದ ಇಂಧನ, ಬಾಡಿಗೆಯಲ್ಲಿ ನಿಮ್ಮ ಪಾಲನ್ನು ಮಾತ್ರ ತೆಗೆದುಕೊಳ್ಳಬಹುದು, ಅದಕ್ಕಿಂತ ಒಂದು ಡಾಲರ್ ಜಾಸ್ತಿಯೂ ಇಲ್ಲ. ಹಾಗಾಗಿ ಖರ್ಚು ಅರ್ಧಕ್ಕರ್ಧ.

ಕಷ್ಟ ಏನು? ಸೀಟು ಸಿಗಬೇಕು. ಇಎಎಗೆ ಅಮೆರಿಕದ ಊರೂರಲ್ಲಿ ಶಾಖೆಗಳಿವೆ. ನೆಂಟರಿರುವ ಊರಿನ ಶಾಖೆಗೆ ಆರು ತಿಂಗಳ ಮೊದಲೇ ಬರೆದು ಪರಿಚಯ ಮಾಡಿಕೊಳ್ಳಿ. ಹೋಗಿ ಒಂದು ದಿನ ಮೊದಲೇ ಅವರ ಜೊತೆ ಹಾರಿ ನೋಡಿ. ಮನುಷ್ಯ ಸರಿಯಿಲ್ಲ ಅನ್ನಿಸಿದರೆ ಮುಲಾಜಿಲ್ಲದೆ ಬೇಡ ಅನ್ನಿ, ಕಾರು ಇದ್ದೇ ಇದೆ.

ಕಾರಲ್ಲಿ ಹೋಗುವುದು

ಶಿಕಾಗೋದಿಂದ ಕಾರಲ್ಲಿ ಮೂರು ಗಂಟೆ, ಮಿಲ್ವಾಕಿಯಿಂದ ಒಂದೂವರೆ. ಟೆಂಟ್ ಹಾಕುವವರಿಗೆ ಕ್ಯಾಂಪ್ ಶೋಲರ್ ಅನ್ನುವ ದೊಡ್ಡ ಮೈದಾನವಿದೆ. ಹಾಸಿಗೆ ಬೇಕೆನ್ನುವವರಿಗೆ ಅಲ್ಲಿನ ವಿಶ್ವವಿದ್ಯಾಲಯದ ಹಾಸ್ಟೆಲ್ ರೂಮುಗಳನ್ನು ಆ ವಾರ ಬಾಡಿಗೆಗೆ ಕೊಡುತ್ತಾರೆ. ಹೋಟೆಲ್ ಅಂದರೆ ಹಿಂದಿನ ವರ್ಷವೇ ಹಿಡಿದಿರಬೇಕು, ರೇಟು ಕೇಳಿದರೆ ಕೂತಲ್ಲೇ ಬೆವರುತ್ತೀರಿ.

ಪೈಲಟ್ ಆಗಿ ಕಾರಲ್ಲಿ ಹೋಗುವುದು ಸಣ್ಣತನ ಅಂತ ಕೆಲವರಿಗೆ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆದರೆ ಪ್ರದರ್ಶನವನ್ನು ಹೊಟ್ಟೆ ತುಂಬ ನೋಡಿದ್ದು ಆ ಸಲವೇ. ಸೋಮವಾರ ಶುರು ಅಂದರೆ ನೀವು ಶನಿವಾರವೇ ಹೋಗಿ. ಭಾನುವಾರ ವಿಮಾನಗಳು ಜೇನುಹುಳದ ಹಾಗೆ ಬರುತ್ತವೆ. ರನ್‌ವೇ 27ರ ಪಕ್ಕ ಒಂದು ಕುರ್ಚಿ ಹಾಕಿಕೊಂಡು, ಕಿವಿಗೆ ಸಣ್ಣ ರೇಡಿಯೋ ಇಟ್ಟುಕೊಂಡು ಕೂತರೆ ಸಂಜೆಯಾಗಿದ್ದು ಗೊತ್ತಾಗುವುದಿಲ್ಲ. ಮುಂದಿನ ಸಲ ನಾನೇ ಇಳಿಯುವಾಗ ಏನೇನು ಮಾಡಬಾರದು ಅನ್ನುವುದನ್ನು ಅಲ್ಲಿ ಕೂತೇ ಕಲಿತೆ, ಆದರೂ ಹಳದಿ ವಿಮಾನದವನ ಹಿಂದೆ ಸಿಕ್ಕಿಕೊಂಡೆ ಅನ್ನುವುದು ಬೇರೆ ಮಾತು. ಬುಧವಾರ ಮತ್ತು ಶನಿವಾರ ರಾತ್ರಿ ಪ್ರದರ್ಶನ ಇರುತ್ತದೆ, ಮನೆಯವರಿಗೆ ಅದೇ ಹೆಚ್ಚು ಇಷ್ಟವಾಗುತ್ತದೆ.

ವೀಸಾ ಬಿಟ್ಟರೆ ಇದಕ್ಕೆ ಬೇರೆ ಕಾಗದದ ತಲೆನೋವಿಲ್ಲ. ಮಳೆ ಬಂದರೂ ಕಳೆದುಕೊಳ್ಳುವುದೇನಿಲ್ಲ.

ಅಥವಾ ಯಲಹಂಕ

ಏರೋ ಇಂಡಿಯಾವನ್ನು ಇದರ ಜೊತೆ ಹೋಲಿಸಬಾರದು ಅನ್ನುವವರಿದ್ದಾರೆ. ನಾನು ಹೋಲಿಸುತ್ತೇನೆ, ಯಾಕೆಂದರೆ ಕೇಳುವವರಲ್ಲಿ ಅರ್ಧ ಜನರಿಗೆ ಬೇಕಿರುವುದು ಇದೇ. 1996ರಿಂದ ಯಲಹಂಕದ ವಾಯುಪಡೆ ನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದೆ. 2025ರ ಫೆಬ್ರವರಿಯಲ್ಲಿ ರಷ್ಯಾದ ಸು-57 ಮತ್ತು ಅಮೆರಿಕದ ಎಫ್-35 ಎರಡೂ ಒಂದೇ ಕಡೆ ಬಂದಿದ್ದವು. ಆಗ ಹಾರಾಟ ಮಾತ್ರ ನೋಡುವ ಪಾಸ್‌ಗೆ 1,000 ರೂಪಾಯಿ, ಒಳಗಿನ ಪ್ರದರ್ಶನಕ್ಕೂ ಹೋಗುವ ಪಾಸ್‌ಗೆ 2,500 ಇತ್ತು. ಹಾಸನದಿಂದ ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ಸರಿಹೋಗುತ್ತದೆ.

ಸ್ವಂತ ವಿಮಾನದಲ್ಲಿ ಹೋಗಿ ಇಳಿಯುವ ಆಸೆ ಮಾತ್ರ ಬಿಡಿ. ಅದು ವಾಯುಪಡೆಯ ನೆಲ. ಸಣ್ಣ ವಿಮಾನದವರು ಅಲ್ಲಿ ನೋಡುಗರು ಅಷ್ಟೇ. ಫೆಬ್ರವರಿ ಅಂದರೆ ರೋಬಸ್ಟ ಕೊಯ್ಲು, ಕಣದಲ್ಲಿ ಕಾಫಿ, ಅದು ಮುಗಿದವರಿಗೆ ಹೂವಿಗೆ ನೀರು ಹೊಡೆಯುವ ತರಾತುರಿ. ತೋಟದವರಿಗೆ ಒಂದು ದಿನದ ಮೇಲೆ ಎರಡನೇ ದಿನ ಸಿಗುವುದಿಲ್ಲ. ಒಂದೇ ದಿನ ಸಾಕು ಅನ್ನುವುದೇ ಇದರ ಅನುಕೂಲ. ಯುದ್ಧ ವಿಮಾನಕ್ಕಿಂತ ನಾಗರಿಕ ವಿಮಾನದಲ್ಲಿ ಆಸಕ್ತಿ ಇದ್ದವರು ಹೈದರಾಬಾದಿನ ಬೇಗಂಪೇಟೆಯ ವಿಂಗ್ಸ್ ಇಂಡಿಯಾ ಪ್ರದರ್ಶನವನ್ನೂ ನೋಡಬಹುದು.

ನಾನು ಮೂವರಿಗೆ ಹೇಳಿದ್ದು

ಮೇಷ್ಟ್ರಿಗೆ ಯಲಹಂಕ. ಟೊಪ್ಪಿ ಮತ್ತು ನೀರು ಮರೆಯಬೇಡಿ, ನೆರಳು ಸಿಗುವುದು ಕಷ್ಟ ಅಂತಲೂ ಹೇಳಿದ್ದೇನೆ. ಅವರು "ಅಮೆರಿಕದ್ದು ಮಗಳ ಬಾಣಂತನಕ್ಕೆ ಹೋದಾಗ ನೋಡ್ತೀನಿ ಬಿಡು" ಅಂದರು.

ಮೂಡಿಗೆರೆಯವರಿಗೆ ಹಾಸ್ಟೆಲ್ ರೂಮು ಮತ್ತು ಕಾರು. ಇನ್ನೂರು ಗಂಟೆ ಹಾರಿದ್ದಾರೆ ನಿಜ, ಆದರೆ ಕೊನೆಯ ಸಲ ಹಾರಿದ್ದು ಯಾವಾಗ ಎಂದು ಕೇಳಿದರೆ ಹೋದ ದಸರಾ ಅಂದರು. ಹಾರುವ ಆಸೆ ತಡೆಯದಿದ್ದರೆ ಅಲ್ಲೇ ಒಬ್ಬ ಇನ್‌ಸ್ಟ್ರಕ್ಟರ್ ಜೊತೆ ಒಂದು ಗಂಟೆ ಹಾರಿ ಬರಲಿ, ಅವರ ಮನೆಯವರು ಕೆಳಗೆ ನಿಂತು ಫೋಟೋ ತೆಗೆಯಲಿ.

ಆಲೂರಿನ ಹುಡುಗನಿಗೆ ಬಲಗಡೆ ಸೀಟು. ಅವನು ಒಪ್ಪಲಿಲ್ಲ. ತಾನೇ ಹಾರಿಸಬೇಕಂತೆ. ಹಾಗಾದರೆ ಈ ಲೆಕ್ಕ ಹಿಡಿ ಅಂದೆ: ಅಕ್ಟೋಬರ್‌ನಲ್ಲೇ ವೀಸಾಕ್ಕೆ ಹಾಕು, ಫೆಬ್ರವರಿ ಕೊನೆಗೆ ಎಫ್‌ಎಎ ಅರ್ಜಿ, ಏಪ್ರಿಲ್‌ನಿಂದ ವಾರಕ್ಕೊಮ್ಮೆ ಜಕ್ಕೂರು. 90 ನಾಟ್ ವೇಗ, ಒಂದೇ ಎತ್ತರ, ಹತ್ತು ನಿಮಿಷ ಕೂದಲೆಳೆ ಅಲ್ಲಾಡದಂತೆ ಹಿಡಿದು ತೋರಿಸು. ಜುಲೈ ಮೊದಲ ವಾರ ಅಲ್ಲಿರು, ಹತ್ತು ಗಂಟೆ ಹಾರು. ಅಷ್ಟಾದ ಮೇಲೂ ಕೈ ನಡುಗಿದರೆ ಫಾಂಡ್ ಡು ಲ್ಯಾಕ್‌ನಲ್ಲಿ ಇಳಿದು ಬಸ್ ಹತ್ತು. ಗೂಟ, ಹಗ್ಗ, ಟೆಂಟು ಇಲ್ಲಿಂದ ಹೊತ್ತುಕೊಂಡು ಹೋಗಬೇಡ, ಎಲ್ಲ ಅಲ್ಲೇ ಸಿಗುತ್ತದೆ. ಗೂಟ ಮಾತ್ರ ಉದ್ದದ್ದೇ ತಗೋ. ರಾತ್ರಿ ಗಾಳಿ ಎದ್ದಾಗ ನನ್ನ ಪಕ್ಕದವನ ಗಿಡ್ಡ ಗೂಟ ಕಿತ್ತು ಬಂದು, ನಾವು ನಾಲ್ಕು ಜನ ಒದ್ದೆ ಚಡ್ಡಿಯಲ್ಲಿ ಅವನ ವಿಮಾನದ ರೆಕ್ಕೆ ಹಿಡಿದುಕೊಂಡು ಬೆಳಗಿನ ತನಕ ನಿಂತಿದ್ದೆವು.